ಹುಟ್ಟಿದ್ದು ಅಲ್ಲಿ, ಬೆಳೆದದ್ದು ಇಲ್ಲಿ. ಅರ್ಜಿಯಲ್ಲಿ ಯಾವುದು ಬರೆಯಲಿ?

2024ರ ಬೇಸಿಗೆ. ಧಾರವಾಡದ ಸಪ್ತಾಪುರದ ಓಣಿಯೊಂದರ ಸೈಬರ್ ಸೆಂಟರ್‌ನಲ್ಲಿ ಪಿಡಿಒ ಹುದ್ದೆಗೆ ಅರ್ಜಿ ತುಂಬಿಸುತ್ತಿದ್ದೆ. ಹೆಸರು, ಅಪ್ಪನ ಹೆಸರು, ಊರು ಕುಬಿಹಾಳ, ತಾಲ್ಲೂಕು ಕುಂದಗೋಳ, ಜಿಲ್ಲೆ ಧಾರವಾಡ. ಎಲ್ಲ ಸರಸರ ಸಾಗಿತ್ತು. ಕಲ್ಯಾಣ ಕರ್ನಾಟಕದ ಮೀಸಲಾತಿ ಬೇಕೇ ಎಂದು ಕೇಳುವ ಜಾಗ ಬಂದಾಗ ಸೈಬರ್ ಅಣ್ಣ ನನ್ನನ್ನು ಕೇಳುವ ಗೋಜಿಗೇ ಹೋಗದೆ ‘ಇಲ್ಲ’ ಒತ್ತಿದ. ಧಾರವಾಡ ಜಿಲ್ಲೆ ಎಂದು ಮೇಲೇ ಇತ್ತಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನ ರೂಮ್‌ಮೇಟ್ ಸುಮ್ಮನೆ ನನ್ನ ಫೈಲ್ ತಿರುವುತ್ತಿದ್ದವಳು ಜನನ ಪ್ರಮಾಣಪತ್ರ ಹಿಡಿದು, ‘ಏ, ನೀ ಹುಟ್ಟಿದ್ದು ಯಲಬುರ್ಗಾ ತಾಲ್ಲೂಕಿನಾಗ ಐತಲ್ಲೇ?’ ಎಂದಳು.

ಹೌದು. ಅದರಲ್ಲಿ ವಿಶೇಷವೇನೂ ಇಲ್ಲ. ಅವ್ವನ ತವರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಕುಬಸ ಮಾಡಿ ಅವ್ವನನ್ನು ಕರೆದುಕೊಂಡು ಹೋದರು, ನಾನು ಅಲ್ಲಿ ಹುಟ್ಟಿದೆ, ಐದು ತಿಂಗಳಿಗೆ ತೊಟ್ಟಿಲ ಸಮೇತ ಕುಬಿಹಾಳಕ್ಕೆ ಬಂದೆ. ನನ್ನ ಬದುಕಿನ ಮೊದಲ ಮನೆ ಬದಲಾವಣೆ ಅದು. ನನಗೆ ಅದರ ನೆನಪೂ ಇಲ್ಲ. ಆದರೆ ಸಂವಿಧಾನದ 371(ಜೆ) ವಿಧಿ ಹೇಳುವುದು ‘ಜನನದಿಂದ ಅಥವಾ ವಾಸದಿಂದ’ ಆ ಪ್ರದೇಶಕ್ಕೆ ಸೇರಿದವರು ಎಂದು. ವಾಸದಿಂದ ನಾನು ಕುಬಿಹಾಳದವಳು. ಜನನದಿಂದ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆ ಸಲ ಕರೆದ 247 ಪಿಡಿಒ ಹುದ್ದೆಗಳಲ್ಲಿ 150 ಉಳಿಕೆ ಮೂಲ ವೃಂದಕ್ಕೆ, 97 ಕಲ್ಯಾಣ ಕರ್ನಾಟಕಕ್ಕೆ. ಆ ಭಾಗದ ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಹುದ್ದೆಗಳ ಪೈಕಿ ಶೇ 80, ‘ಡಿ’ ಗುಂಪಿನಲ್ಲಿ ಶೇ 85 ಅಲ್ಲಿಯವರಿಗೇ ಮೀಸಲು. ನಾವು ಒಂದೊಂದು ಅಂಕಕ್ಕೆ ಒಂದೊಂದು ವರ್ಷ ಸುಡುವವರು. ಸೈಬರ್ ಅಣ್ಣ ‘ಏನ್ ಮಾಡ್ಲಿ ಅಕ್ಕಾರ, ಹೌದು ಅಂತ ಹಾಕ್ಲ್ಯಾ?’ ಎಂದು ಕೇಳಿದ. ಕೈಯಲ್ಲಿ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಇರಲಿಲ್ಲ. ಹಾಗಾಗಿ ಅಂದು ‘ಇಲ್ಲ’ ಎಂದೇ ಉಳಿಯಿತು. ನನಗೆ ಆ ಹುದ್ದೆ ಸಿಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಆದರೆ ಪ್ರಶ್ನೆ ಬಿಡಲಿಲ್ಲ. ಮನೆಗೆ ಹೋದಾಗ ಹೇಳಿದರೆ ತಮ್ಮನಿಗೆ ನಗು. ಅವನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ‘ಒಂದ ತಾಯಿ ಮಕ್ಕಳು. ನೀ ಕಲ್ಯಾಣ, ನಾ ಕಿತ್ತೂರು’ ಎಂದ. ಅಪ್ಪ ಮಾತ್ರ ನಗಲಿಲ್ಲ. ‘ಈ ಎರಿಹೊಲದ ಮೆಣಸಿನಕಾಯಿ ಮಾರಿ ಓದಿಸೀನಿ. ಈಗ ಈ ಊರಾಕಿ ಅಲ್ಲ ಅಂತ ಬರಕೊಡ್ತಿಯೇನವ್ವಾ?’ ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಹಾಗೆ ನೋಡಿದರೆ ನಮ್ಮ ತಾಲ್ಲೂಕಿನವರಿಗೆ ಸೀಮೆ ಬದಲಾಯಿಸಲು ಮನೆ ಬಿಟ್ಟು ಕದಲಬೇಕಾದ ಅಗತ್ಯವೇ ಬೀಳಲಿಲ್ಲ. ಕುಂದಗೋಳ ಪಟ್ಟಣ ಒಂದು ಕಾಲಕ್ಕೆ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಆ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಬೇರೆಯಾದವು. ಮುಂಬೈ ಕರ್ನಾಟಕ ಎನ್ನುತ್ತಿದ್ದುದು 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ಅವ್ವನ ತವರಿನ ಕಡೆಗೆ ನಿಜಾಮರ ಆಳ್ವಿಕೆ. ಸ್ವಾತಂತ್ರ್ಯ ಬಂದದ್ದೇ ಹದಿಮೂರು ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿ ಇಂದಿಗೂ ಆ ದಿನ ಶಾಲೆಯಲ್ಲಿ ಧ್ವಜ ಏರುತ್ತದೆ. ಚಿಕ್ಕವಳಿದ್ದಾಗ ‘ನಮ್ಮೂರಾಗ ಝೇಂಡಾ ಒಂದು ಸಲ ಹೆಚ್ಚಿಗೆ’ ಎಂದು ಮಾವನ ಮಕ್ಕಳು ನನ್ನ ಮುಂದೆ ಮೆರೆಯುತ್ತಿದ್ದರು. ಮಾವನ ಮನೆಯ ಟ್ರಂಕಿನಲ್ಲಿ ಉರ್ದು ಕಾಗದಪತ್ರ, ನಮ್ಮ ಮನೆಯ ಗಂಟಿನಲ್ಲಿ ಮೋಡಿ ಲಿಪಿಯವು. ಎರಡೂ ಕಡೆಯವರಿಗೂ ತಮ್ಮ ಹೊಲದ ಕಾಗದ ತಮಗೇ ಓದಲು ಬರುವುದಿಲ್ಲ.

ಭೀಮಸೇನ ಜೋಶಿಯವರ ಮಾತು ನಮ್ಮ ಕಡೆ ಆಗಾಗ ಬರುತ್ತದೆ. ಗದಗ ಸೀಮೆಯಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದವರು. ಅವರನ್ನು ಮೂರೂ ಊರು ‘ನಮ್ಮವರು’ ಎನ್ನುತ್ತವೆ. ಅಷ್ಟು ದೊಡ್ಡವರಾದರೆ ಊರುಗಳೇ ಜಗಳವಾಡುತ್ತವೆ. ನಮ್ಮಂಥವರು ಪ್ರಮಾಣಪತ್ರ ತರಬೇಕು.

ನನ್ನನ್ನು ನಿಜಕ್ಕೂ ಕಟ್ಟಿಹಾಕಿದ್ದು ರೂಮ್‌ಮೇಟ್‌ಳ ಮಾತು. ಅವಳು ರಾಯಚೂರು ಜಿಲ್ಲೆಯವಳು. ಹತ್ತನೇ ತರಗತಿ ಮುಗಿಯುವವರೆಗೆ ಅವಳ ಶಾಲೆಗೆ ಗಣಿತದ ಕಾಯಂ ಮಾಸ್ತರರೇ ಇರಲಿಲ್ಲವಂತೆ. ಪ್ರಮಾಣಪತ್ರ ಮಾಡಿಸಲಾ ಎಂದು ಕೇಳಿದೆ. ‘ಮಾಡಿಸು, ಕಾನೂನಿನಾಗ ಐತಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀ ಹುಬ್ಬಳ್ಳಿ ಬಾಜೂಕ ಓದಿದಾಕಿ. ನಾ ಓದಿದ ಸಾಲ್ಯಾಗ ನೀ ಒಂದ ವರ್ಷನೂ ಕುಂತಿಲ್ಲ’ ಎಂದಳು. ಸಿಟ್ಟಿರಲಿಲ್ಲ ಅವಳಲ್ಲಿ. ಅದಕ್ಕೇ ಹೆಚ್ಚು ನಾಟಿತು.

ಅವಳು ಹೇಳಿದ್ದು ಸುಳ್ಳಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತ್ತು. ಆ 39ರಲ್ಲಿ 21 ಗುಲಬರ್ಗಾ ವಿಭಾಗದವೇ. ಮುಂದೆ 371(ಜೆ) ಬಂದದ್ದು ಆ ಅಂತರ ತುಂಬಲಿಕ್ಕೆ. ನಮ್ಮ ಕಡೆ ಎಲ್ಲ ಸೊಗಸಾಗಿದೆ ಎಂದಲ್ಲ; ಮಳೆ ಬಂದರೆ ನಮ್ಮ ಎರೆಮಣ್ಣಿನ ದಾರಿಯಲ್ಲಿ ಚಪ್ಪಲಿ ಕೈಯಲ್ಲೇ ಹಿಡಿಯಬೇಕು. ಆದರೂ ಬಸ್ ಹತ್ತಿದರೆ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಕೋಚಿಂಗ್ ಕ್ಲಾಸ್, ಲೈಬ್ರರಿ ಎಲ್ಲ ಕೈಗೆಟಕುವಷ್ಟರಲ್ಲಿ ಬೆಳೆದವಳು ನಾನು.

ಈ ಗೊಂದಲದಲ್ಲೇ ಕಳೆದ ದೀಪಾವಳಿಗೆ ಅಜ್ಜಿಯ ಊರಿಗೆ ಹೋದೆ. ಹುಬ್ಬಳ್ಳಿಯಿಂದ ಗದಗ ದಾಟಿ ಭಾನಾಪುರದವರೆಗೆ ರೈಲು, ಮುಂದೆ ಬಸ್. ವಾಯವ್ಯ ಸಾರಿಗೆಯ ಊರಿನಿಂದ ಹೊರಟವಳು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಕುಳಿತೆ. ರೈಲಿನಲ್ಲಿ ಒಂದಿಷ್ಟು ನೌಕರರು ಸಿಕ್ಕರು. ಕೆಲಸ ಆ ಭಾಗದಲ್ಲಿ, ಮನೆ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ. ದಿನಾ ಹೋಗಿ ಬರುತ್ತಾರೆ. ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ, ಅವರ ಕಾರಣಗಳು ಅವರಿಗಿವೆ. ಆದರೆ ಅವರ ಮಾತೆಲ್ಲ ಸಂಜೆಯ ಗಾಡಿ ಎಷ್ಟೊತ್ತಿಗೆ ಎಂಬುದರ ಸುತ್ತಲೇ ಇತ್ತು. ಅವರ ಹಳ್ಳಿಯ ಜನ ಸಂಜೆ ಕೆಲಸ ಮುಗಿಸಿ ಪಂಚಾಯ್ತಿಗೆ ಬರುವ ಹೊತ್ತಿಗೆ ಇವರು ಸ್ಟೇಷನ್ನಿನಲ್ಲಿರುತ್ತಾರೆ.

ನಾನು ಒಂದು ತೀರ್ಮಾನಕ್ಕೆ ಬಂದದ್ದು ಆ ರೈಲಿನಲ್ಲಿ. ಪ್ರಮಾಣಪತ್ರ ಮಾಡಿಸುತ್ತೇನೆ. ಆದರೆ ಆ ಸೀಮೆಯವಳು ಎಂದು ಹುದ್ದೆ ಹಿಡಿದರೆ ಮನೆಯೂ ಅಲ್ಲೇ ಆಗಬೇಕು. ಹುಟ್ಟನ್ನು ಅಲ್ಲಿ ಲೆಕ್ಕಕ್ಕೆ ತೋರಿಸಿ, ಬದುಕನ್ನು ಹುಬ್ಬಳ್ಳಿಯಲ್ಲಿ ಇಟ್ಟುಕೊಳ್ಳುವುದು ನನಗೆ ಒಗ್ಗಲಿಲ್ಲ. ಇದು ಸರಿಯೋ ತಪ್ಪೋ, ರೂಮ್‌ಮೇಟ್ ಇನ್ನೂ ಪೂರ್ತಿ ಒಪ್ಪಿಲ್ಲ. ‘ನೌಕರಿ ಸಿಗ್ಲಿ, ಆಮ್ಯಾಲೆ ನೋಡೂಣು’ ಎನ್ನುತ್ತಾಳೆ.

ಸಂಬಂಧಿಕರದು ಬೇರೆಯೇ ಮಾತು. ‘ಹೆಣ್ಣಮಗಳು, ಕೊಟ್ಟ ಮನಿನ ಊರು. ಇಷ್ಟ್ಯಾಕ ತಲಿ ಕೆಡಿಸ್ಕೋತಿ?’ ಎಂದರು. ಆಗ ಅವ್ವನ ಮುಖ ನೋಡಿದೆ. ಮದುವೆಯಾದ ದಿನ ಅವಳ ಜಿಲ್ಲೆ ಬದಲಾಯಿತು, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲ ಬದಲಾದವು. ನಿನಗೆ ಯಾವ ಸೀಮೆ ಬೇಕು ಎಂದು ಯಾರೂ ಕೇಳಿರಲಿಲ್ಲ, ಯಾವ ಅರ್ಜಿಯಲ್ಲೂ. ನಾನೂ ಅದೇ ಮೊದಲ ಸಲ ಕೇಳಿದೆ: ‘ಅವ್ವಾ, ನೀ ಯಾವೂರಾಕಿ?’

‘ಇಲ್ಲಿದ್ರ ಅಲ್ಲಿಯಾಕಿ ಅಂತಾರ, ಅಲ್ಲಿ ಹೋದ್ರ ಕುಬಿಹಾಳದಾಕಿ ಬಂದ್ಳು ಅಂತಾರ’ ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಈಗ ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದೇನೆ. ಪರಿಶೀಲನೆ ನಡೆದಿದೆ. ಮುಂದಿನ ಅಧಿಸೂಚನೆಗೆ ಓದು ಸಾಗಿದೆ. ನಿಮ್ಮಲ್ಲೂ ಯಾರಾದರೂ ತಾಯಿಯ ತವರಿನಲ್ಲಿ ಹುಟ್ಟಿದ್ದರೆ ಸೈಬರ್‌ಗೆ ಹೋಗುವ ಮೊದಲು ಜನನ ಪ್ರಮಾಣಪತ್ರ ಒಮ್ಮೆ ತೆಗೆದು ನೋಡಿ. ಅರ್ಜಿಯ ಕೊನೇ ದಿನ ನೋಡಬೇಡಿ.

ಅಪ್ಪ ಮೊನ್ನೆ ಫೋನಿನಲ್ಲಿ, ‘ಅಲ್ಲಿ ಹೊಲ ಕೆಂಪೋ ಕರಿಯೋ?’ ಎಂದು ಕೇಳಿದರು. ಒಪ್ಪಿದ್ದಾರೆ ಎಂದು ಅದರಿಂದಲೇ ತಿಳಿಯಿತು. ಹಿಂದಿನಿಂದ ಅವ್ವನ ದನಿ ಕೇಳಿಸಿತು: ‘ಅಕಿಗೆ ನೌಕರಿ ಆದ್ರ ಮೊದಲ ಆರು ತಿಂಗಳು ನಾನೂ ಹೋಗಿ ಇರ್ತೀನಿ. ಒಬ್ಬಾಕಿನ ಹೆಂಗಿರ್ತಾಳ?’