ಹಿತ್ತಿಲಲ್ಲೊಂದು ಭದ್ರವಾದ ಕೆಲಸದ ಕೋಣೆ

ಉಳಿ, ಗರಗಸ, ಹತ್ತರಿಗಳು ಕಸುಬುದಾರನ ಅನ್ನದ ಬಟ್ಟಲು. ನಿವೃತ್ತಿಯ ಬಳಿಕ ನೆರೆಹೊರೆಯ ಮಕ್ಕಳಿಗೆ ಮರಗೆಲಸ ಕಲಿಸಲೆಂದು ನಾನು ಹಿತ್ತಿಲಲ್ಲಿ ಇಟ್ಟಿಗೆಯ ಕೋಣೆಯೊಂದನ್ನು ಕಟ್ಟಿಸಿದೆನು. ಅದರ ಕ್ರಮವನ್ನು ಹಳೆಯ ವಿದ್ಯಾರ್ಥಿಗಳಿಗಾಗಿ ಇಲ್ಲಿ ನಿವೇದಿಸುತ್ತೇನೆ.

ಗಟ್ಟಿನೆಲ ಸಿಗುವವರೆಗೆ ಪಾಯ ತೋಡಬೇಕು. ತಟ್ಟಿದರೆ ಕಣಕಣವೆನ್ನುವ ಇಟ್ಟಿಗೆಯನ್ನೇ ಆರಿಸಿ ನೀರಿನಲ್ಲಿ ನೆನೆಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿ ಬೆಸುಗೆಯನ್ನು ಕೆಡಿಸುತ್ತದೆ. 1 ಪಾಲು ಸಿಮೆಂಟಿಗೆ 6 ಪಾಲು ಮರಳು ಬೆರೆಸಿ, 9 ಅಂಗುಲದ ಗೋಡೆಯನ್ನೆಬ್ಬಿಸಿ, 7 ದಿನವಾದರೂ ನೀರುಣಿಸಬೇಕು. ಚೌಕಟ್ಟಿನ ಕಬ್ಬಿಣದ ಹಿಡಿಗಳು ಗೋಡೆಯೊಳಗೆ ಹುದುಗಿರಲಿ. ಚೌಕಟ್ಟು ಸಡಿಲವಾದರೆ ಬೀಗವೆಷ್ಟು ದೊಡ್ಡದಾದರೇನು? ಬಾಗಿಲು ಒಳಕ್ಕೆ ತೆರೆದರೆ ಕೀಲುಗಳು ಕಳ್ಳನ ಕೈಗೆ ಸಿಗವು. ಹೆಂಚನ್ನು ಮೇಲಿನಿಂದ ಎತ್ತಬಹುದಾದ್ದರಿಂದ ತಾರಸಿಯೇ ಲೇಸು.

ಈ ಗಡಿನಾಡಿನಲ್ಲಿ ಕಸುಬಿನೊಡನೆ ಅದರ ಕನ್ನಡ ಮಾತುಗಳೂ ಉಳಿಯಬೇಕು. ಕಲಿಯಬಯಸುವ ಮಕ್ಕಳನ್ನು ಸಂಜೆಯ ವೇಳೆ ಕಳುಹಿಸಿಕೊಡಿರಿ.