ಹುಣ್ಣಿನ ಬ್ಯಾಕ್ಟೀರಿಯಾ ಕರುಳಿಗೂ ಕಂಟಕವೇ?

ಜಠರದಲ್ಲಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿಯೇ ಕರುಳನ್ನೂ ಕೆಡಿಸುತ್ತದೆ, ಒಂದು ಕೋರ್ಸ್ ಆಂಟಿಬಯೋಟಿಕ್ ತೆಗೆದುಕೊಂಡರೆ ಹೊಟ್ಟೆಯೆಲ್ಲ ಶುದ್ಧ ಎಂದು ನಂಬುವವರಿದ್ದಾರೆ. ಜಠರದ ಮಟ್ಟಿಗೆ ಈ ಬ್ಯಾಕ್ಟೀರಿಯಾದ ಮೇಲಿನ ಆರೋಪ ನಿಜವೇ. ಖಾರ, ಟೆನ್ಷನ್‌ಗಳಿಂದಲೇ ಅಲ್ಸರ್ ಎಂದು ವೈದ್ಯರೂ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಠರದ ಕ್ಯಾನ್ಸರಿಗೂ ಇದು ಕಾರಣವೆಂದು 1994ರಲ್ಲೇ ಘೋಷಣೆಯಾಗಿತ್ತು. ಆದರೆ ಕರುಳಿನ ವಿಷಯಕ್ಕೆ ಬಂದರೆ ಸಾಕ್ಷ್ಯ ಬೇರೆಯೇ ದಿಕ್ಕು ತೋರಿಸುತ್ತದೆ.

ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳಿರುವವರಲ್ಲಿ ಪೈಲೋರಿ ಸೋಂಕು ಉಳಿದವರಿಗಿಂತ ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳು ಹೇಳುತ್ತವೆ. ಅವರು ನುಂಗುವ ಔಷಧಗಳೇ ಸೋಂಕನ್ನು ಅಳಿಸಿರಬಹುದಲ್ಲ ಎಂಬ ಆಕ್ಷೇಪ ಸಹಜ. ಔಷಧದ ಪ್ರಭಾವವನ್ನು ಬದಿಗಿಟ್ಟರೂ ಅಂತರ ಪೂರ್ತಿ ಅಳಿದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಶುದ್ಧ ನೀರು, ಚಿಕ್ಕ ಸಂಸಾರ, ನಗರದ ಬದುಕು ಇರುವಲ್ಲಿ ಪೈಲೋರಿ ಕಡಿಮೆ, ಕರುಳಿನ ಉರಿಯೂತ ಹೆಚ್ಚು; ಎರಡಕ್ಕೂ ಕಾರಣ ಆ ಬದುಕೇ ಇರಬಹುದು. ಇಲಿಗಳಲ್ಲಿ ಈ ಬ್ಯಾಕ್ಟೀರಿಯಾ ಉರಿಯೂತ ತಡೆಯುವ ಟಿ ಕೋಶಗಳನ್ನು ಹೆಚ್ಚಿಸುವುದು ಕಂಡಿದೆ. ಅಷ್ಟಕ್ಕೇ ಇದು ಮನುಷ್ಯರ ಕರುಳನ್ನು ಕಾಯುತ್ತದೆ ಎನ್ನಲಾಗದು. ಅಲ್ಸರ್ ಇರುವವರು, ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿರುವವರು ಕರುಳಿನ ನೆಪ ಹೇಳಿ ಚಿಕಿತ್ಸೆ ತಪ್ಪಿಸಿಕೊಂಡರೆ ಅಪಾಯ ಖಂಡಿತ.

ಕರುಳಿನ ಕಾಯಿಲೆಯಲ್ಲಿ ಒಂದೇ ಶತ್ರುವನ್ನು ಹುಡುಕುವುದೇ ತಪ್ಪು ಎನ್ನುವುದು ನನ್ನ ವಾದ. ಅಲ್ಲಿ ಕೆಡುವುದು ಇಡೀ ಸೂಕ್ಷ್ಮಜೀವಿ ಸಮುದಾಯದ ಸಮತೋಲನ. ಕ್ರೋನ್ಸ್ ರೋಗಿಗಳಲ್ಲಿ ಫೀಕಲಿಬ್ಯಾಕ್ಟೀರಿಯಂ ಎಂಬ ಉಪಕಾರಿ ಬ್ಯಾಕ್ಟೀರಿಯಾ ಕುಗ್ಗಿರುತ್ತದೆ. ನಾವು ತಿಂದ ಸೊಪ್ಪು, ಕಾಳು, ರಾಗಿಯ ನಾರು ಇಂಥ ಬ್ಯಾಕ್ಟೀರಿಯಾಗಳ ಕೈಯಲ್ಲಿ ಬ್ಯುಟಿರೇಟ್ ಆಗುತ್ತದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ಪೈಲೋರಿಗೆ ಕೊಡುವ ಎರಡು ವಾರಗಳ ಆಂಟಿಬಯೋಟಿಕ್ ಇವುಗಳನ್ನೂ ಬಿಡುವುದಿಲ್ಲ. ವೈದ್ಯರು ಕಾರಣವಿದ್ದು ಬರೆದುಕೊಟ್ಟಾಗ ಆ ಬೆಲೆ ತೆರುವುದು ಸರಿ; ಗ್ಯಾಸ್ಟ್ರಿಕ್ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವುದು ಸರಿಯಲ್ಲ. ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ, ಇಳಿಯುತ್ತಿರುವ ತೂಕ ಇದ್ದವರಿಗೆ ಬೇಕಾದದ್ದು ಕರುಳಿನ ಉರಿಯೂತವನ್ನು ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಅಗತ್ಯವಿದ್ದರೆ ಕೊಲೊನೊಸ್ಕೋಪಿ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ಕಾಣಿಸುವುದರಿಂದ, ಬಯಾಪ್ಸಿಯಿಂದ ಎರಡನ್ನೂ ಬೇರ್ಪಡಿಸಿ ನೋಡದೆ ಸ್ಟೆರಾಯ್ಡ್ ಆರಂಭಿಸಿದರೆ ಕ್ಷಯ ಉಲ್ಬಣಿಸಬಹುದು.