ಸವಳು ನೀರಿನ ಡೋಣಿ

‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬುದು ವಿಜಯಪುರ ಸೀಮೆಯ ಹಳೆಯ ಗಾದೆ. ಹೊರಗಿನವರು ಕೇಳಿದರೆ, ಇದು ಕಾಲುವೆಗಳಲ್ಲಿ ಹರಿದು ಹೊಲಗಳಿಗೆ ನೀರುಣಿಸುವ ಹೊಳೆಯಿರಬೇಕೆಂದು ಭಾವಿಸುತ್ತಾರೆ. ಆದರೆ ಡೋಣಿಯ ನೀರು ಸವಳು. ಮಳೆಗಾಲ ಮುಗಿದು ಹರಿವು ಕುಗ್ಗಿದಂತೆಲ್ಲ ಅದು ಕುಡಿಯಲು ಬಾರದು, ಬೆಳೆಗೆ ಹಾಯಿಸಲೂ ಒಗ್ಗದು. ಹಾಗಿದ್ದೂ ಈ ಹೊಳೆಯ ದಂಡೆ ಕಾಳಿನ ಕಣಜವೆನಿಸಿದ್ದು ಹೇಗೆ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಹುಟ್ಟುವ ಡೋಣಿ ಬೇಗನೆ ಕರ್ನಾಟಕವನ್ನು ಹೊಗುತ್ತದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಈ ಎರಡು ಮಹಾನದಿಗಳ ನಡುವೆ ವಿಜಯಪುರ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದು, ಸಾರವಾಡ, ಸಾತಿಹಾಳ, ತಾಳಿಕೋಟೆಗಳನ್ನು ಮುಟ್ಟಿ, ಸುರಪುರ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಜಲಪಾತವಿಲ್ಲ, ಕಾಡಿಲ್ಲ, ಹೆಸರಾದ ತೀರ್ಥಕ್ಷೇತ್ರವೂ ಇಲ್ಲ. ಇತಿಹಾಸದಲ್ಲಿ ತಾಳಿಕೋಟೆಗೆ ದೊಡ್ಡ ಹೆಸರುಂಟು. ವಿಜಯನಗರದ ಮೇಲೆ ಹೊರಟ ಸುಲ್ತಾನರ ಸೈನ್ಯಗಳು 1564ರ ಕೊನೆಯಲ್ಲಿ ಬೀಡುಬಿಟ್ಟದ್ದು ಇಲ್ಲಿಯೇ. ಆದರೆ 1565ರ ಜನವರಿಯ ಕದನ ನಡೆದದ್ದು ಇನ್ನೂ ದಕ್ಷಿಣದಲ್ಲಿ, ಕೃಷ್ಣೆಯ ಕಡೆಗೆ. ಊರಿನ ಹೆಸರು ಯುದ್ಧಕ್ಕೆ ಅಂಟಿತು, ಹೊಳೆಯ ಹೆಸರು ಯಾರಿಗೂ ನೆನಪಾಗಲಿಲ್ಲ.

ಡೋಣಿಯ ಗುಣವನ್ನು ತಿಳಿಯಬೇಕಾದರೆ ಅದರ ನೆಲವನ್ನು ನೋಡಬೇಕು. ದಖನ್ನಿನ ಕಪ್ಪು ಶಿಲೆ ಲಕ್ಷಾಂತರ ವರ್ಷಗಳ ಬಿಸಿಲುಮಳೆಗೆ ಸವೆದು ಎರೆಮಣ್ಣಾಗಿದೆ. ಎತ್ತರದ ಮಡ್ಡಿಯ ಮೇಲೆ ಗೇಣುದ್ದ ಮಣ್ಣು ನಿಲ್ಲುವುದೂ ಕಷ್ಟ. ಅಲ್ಲಿಂದ ತೊಳೆದು ಬಂದದ್ದೆಲ್ಲ ತಗ್ಗಿನಲ್ಲಿ ಆಳವಾಗಿ ಸಂಗ್ರಹವಾಗಿದೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಎತ್ತಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಬಿರುಕುಗಳಲ್ಲಿ ಇಳಿದ ಮಳೆನೀರು ತಿಂಗಳುಗಟ್ಟಲೆ ಒಳಗೇ ಉಳಿಯುತ್ತದೆ.

ಉಪ್ಪಿನ ಮೂಲವೂ ಅದೇ ಶಿಲೆ. ಕಲ್ಲು ಸವೆಯುವಾಗ ಲವಣಗಳು ಬಿಡುಗಡೆಯಾಗುತ್ತವೆ. ಮಲೆನಾಡಿನಂಥ ಕಡೆ ಧಾರಾಕಾರ ಮಳೆ ಅವನ್ನು ತೊಳೆದು ಸಮುದ್ರಕ್ಕೆ ಒಯ್ಯುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಈ ನಾಡಿನಲ್ಲಿ ಅದಕ್ಕೆ ಬೇಕಾದಷ್ಟು ನೀರಿಲ್ಲ. ಬಿಸಿಲು ನೀರನ್ನು ಹೀರುತ್ತದೆ, ಲವಣ ನೆಲದಲ್ಲೇ ಉಳಿದು ಮೆಲ್ಲಗೆ ಹೊಳೆಗೆ ಜಿನುಗುತ್ತದೆ.

ಇನ್ನು ಗಾದೆಯ ಮಾತು. ಬಿಳಿಜೋಳ, ಕಡಲೆ, ಕುಸುಬೆಗಳು ಇಲ್ಲಿ ಹಿಂಗಾರಿ ಬೆಳೆಗಳು. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಕೂರಿಗೆ ಹೂಡಿದರೆ, ಆಮೇಲೆ ಮಳೆ ಬರಲಿ ಬಾರದಿರಲಿ, ನೆಲದೊಳಗಿನ ಹಸಿಯ ಮೇಲೂ ಚಳಿಗಾಲದ ಇಬ್ಬನಿಯ ಮೇಲೂ ಭರವಸೆಯಿಟ್ಟು ಪೈರು ಏಳಬೇಕು. ಡೋಣಿ ದಂಡೆ ತುಂಬಿ ಹರಿಯಿತೆಂದರೆ ಸುತ್ತಲಿನ ಎರೆ ಹೊಟ್ಟೆತುಂಬ ನೀರು ಕುಡಿದು ಮಿಕ್ಕದ್ದನ್ನು ಹೊರಬಿಟ್ಟಿದೆ ಎಂದರ್ಥ. ಆದ್ದರಿಂದ ಹೊಳೆಯ ಹರಿವು ಸುಗ್ಗಿಗೆ ಕಾರಣ ಎನ್ನುವುದಕ್ಕಿಂತ ಅದರ ಮುನ್ಸೂಚನೆ ಎನ್ನುವುದೇ ಸರಿ. ಮಳೆಮಾಪಕವಿಲ್ಲದ ಕಾಲದ ರೈತ ಹೊಳೆಯನ್ನೇ ಮಾಪಕ ಮಾಡಿಕೊಂಡಿದ್ದ. ನೆರೆ ಹೊಲದ ಮೇಲೆ ಹರಡುತ್ತಿದ್ದ ಮೆಕ್ಕಲು ಹೆಚ್ಚಿನ ಲಾಭ. ಹೀಗೆ ಬೆಳೆದ ಜೋಳವನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿ ಬರಗಾಲಕ್ಕೆ ಕಾಯ್ದಿಡುತ್ತಿದ್ದರು.

ಅದೇ ಮೆಕ್ಕಲು ಈಗ ಹೊಳೆಗೆ ಭಾರವಾಗಿದೆ. ಇಳಿಜಾರು ತೀರ ಕಡಿಮೆಯಾದ ಕಾರಣ ಡೋಣಿಗೆ ತಾನು ಹೊತ್ತು ತಂದ ಮಣ್ಣನ್ನು ಮುಂದೆ ಒಯ್ಯುವ ಕಸುವಿಲ್ಲ. ಪಾತ್ರದಲ್ಲಿ ಹೂಳು ತುಂಬಿ ಅದರ ಮೇಲೆ ಜಾಲಿಕಂಟಿ ಬೆಳೆದಿದೆ. ದೊಡ್ಡ ಮಳೆಯಾದರೆ ನೀರಿಗೆ ದಂಡೆ ದಾಟುವುದೊಂದೇ ದಾರಿ. ಬಿತ್ತುವ ಮೊದಲು ಬಂದ ನೆರೆ ವರವಾದೀತು, ಮೊಳಕೆಯೊಡೆದ ಮೇಲೆ ಬಂದರೆ ಬೀಜ, ಗೊಬ್ಬರ, ಸಾಲ ಎಲ್ಲವೂ ಕೊಚ್ಚಿಹೋಗುತ್ತವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಪೂರ ಉತ್ತರ ಕರ್ನಾಟಕವನ್ನೇ ಮುಳುಗಿಸಿದಾಗ ಡೋಣಿಯೂ ಹಿಂದುಳಿಯಲಿಲ್ಲ. ಸಾಮಾನ್ಯ ವರ್ಷಗಳಲ್ಲೂ ತಾಳಿಕೋಟೆ ಬಳಿಯ ಹಡಗಿನಾಳ ಸೇತುವೆ ಮುಳುಗಿ ಜನರು ಸುತ್ತುಹಾಕಿ ಊರು ಸೇರುವುದುಂಟು.

ಹೂಳು ತೆಗೆಯಬೇಕೆಂಬುದು ದಂಡೆಯ ರೈತರ ಬಹುಕಾಲದ ಬೇಡಿಕೆ, ನ್ಯಾಯವಾದದ್ದೂ ಹೌದು. ಆದರೆ ಪಾತ್ರವನ್ನಷ್ಟೇ ಅಗೆದರೆ ಮಡ್ಡಿಯ ಮಣ್ಣು ಕೆಲವೇ ಮಳೆಗಾಲಗಳಲ್ಲಿ ಮತ್ತೆ ಅದನ್ನು ತುಂಬುತ್ತದೆ. ಹೊಲದ ಒಡ್ಡುಗಳನ್ನು ಬಿಟ್ಟು ಹೊಳೆಯನ್ನು ಮಾತ್ರ ನೋಡಿದರೆ ಕೆಲಸ ಅರ್ಧವಷ್ಟೇ. ಆಲಮಟ್ಟಿಯಿಂದ ಏತ ನೀರಾವರಿಯಲ್ಲಿ ಕೃಷ್ಣೆಯ ಸಿಹಿನೀರು ಈ ಭಾಗಕ್ಕೆ ಬರತೊಡಗಿದ್ದು ದೊಡ್ಡ ಸಮಾಧಾನ. ಆದರೆ ಬಸಿಗಾಲುವೆಯಿಲ್ಲದೆ ಎರೆಗೆ ಧಾರಾಳವಾಗಿ ನೀರು ಬಿಟ್ಟರೆ ಅಡಿಯಲ್ಲಿ ಮಲಗಿರುವ ಲವಣ ಮೇಲೇರಿ, ನೆಲ ಸವಳು-ಜವಳಾಗುತ್ತದೆ. ಆಗ ಮಣ್ಣಿನ ಮೈಮೇಲೆ ಕಾಣುವ ಬಿಳಿಯ ಪುಡಿ, ಬೇಸಿಗೆಯಲ್ಲಿ ಡೋಣಿಯ ಒಣಗಿದ ಮಡುಗಳ ಅಂಚಿನಲ್ಲಿ ಕಟ್ಟುವ ಬಿಳಿಯ ಪೊರೆಯದೇ ಜಾತಿ.